‘ಪ್ರಾಬ್ಲಮ್’ ಎನ್ನುವ ಜಾಗದಲ್ಲಿ ಯಾವ ಕನ್ನಡ ಪದ? ಆರಿಸಿಕೊಳ್ಳುವ ಒಂದು ಕ್ರಮ

ಬೆಂಗಳೂರಿನಲ್ಲಿ ದಿನವೊಂದಕ್ಕೆ ಎಷ್ಟು ಸಲ ‘ಪ್ರಾಬ್ಲಮ್’ ಎನ್ನುತ್ತೇವೆ ಎಂದು ಎಣಿಸಲು ಕುಳಿತರೆ ಮಧ್ಯಾಹ್ನದ ಊಟದ ಹೊತ್ತಿಗೇ ಎಣಿಕೆ ತಪ್ಪುತ್ತದೆ. ಮೋಟಾರ್ ಪ್ರಾಬ್ಲಮ್, ಮೊಣಕಾಲು ಪ್ರಾಬ್ಲಮ್, ಖಾತೆ ಪ್ರಾಬ್ಲಮ್, ಅತ್ತೆಗೂ ಸೊಸೆಗೂ ಪ್ರಾಬ್ಲಮ್, ಬೀದಿಯ ತುದಿಯಲ್ಲಿ ನಾಯಿ ಪ್ರಾಬ್ಲಮ್, ಹತ್ತನೇ ತರಗತಿಯ ಹುಡುಗನಿಗೆ ಬಿಡಿಸಲು ಬಾರದ ಮ್ಯಾಥ್ಸ್ ಪ್ರಾಬ್ಲಮ್. ಮಾತಿನಲ್ಲಿ ಇದರಿಂದ ನಷ್ಟವೇನೂ ಇಲ್ಲ. ಎದುರಿಗಿರುವವರು ಮುಖ ನೋಡಿ, ಕೈಸನ್ನೆ ನೋಡಿ ಉಳಿದದ್ದನ್ನು ತುಂಬಿಕೊಳ್ಳುತ್ತಾರೆ. ಪೇಚಾಟ ಶುರುವಾಗುವುದು ಅದನ್ನೇ ಕಾಗದದ ಮೇಲೆ ಇಳಿಸುವಾಗ. ಆಗ ‘ಪ್ರಾಬ್ಲಮ್’ ಇದ್ದ ಕಡೆಯಲ್ಲೆಲ್ಲ ‘ಸಮಸ್ಯೆ’ ಎಂದು ಬರೆದು, ಕನ್ನಡ ಬರೆದೆವೆಂಬ ಸಮಾಧಾನದಲ್ಲಿ ಮುಂದೆ ಹೋಗುತ್ತೇವೆ.

ನನ್ನದು ಭಾಷಾಂತರ ಮತ್ತು ಕರಡು ತಿದ್ದುವ ಕೆಲಸ. ಬನಶಂಕರಿಯ ನಮ್ಮ ಮನೆಗೆ ಅಕ್ಕಪಕ್ಕದವರು ಅರ್ಜಿ, ದೂರು, ನಿವಾಸಿಗಳ ಸಂಘದ ಸುತ್ತೋಲೆ ಇಂಥವನ್ನು ಹಿಡಿದುಕೊಂಡು ‘ಒಂದು ಸಲ ಕಣ್ಣಾಡಿಸಿ ಕೊಡಿ ಸಾರ್’ ಎಂದು ಬರುವುದುಂಟು. ಆ ಕಾಗದಗಳಲ್ಲಿ ನಾನು ಮೊದಲು ಹೊಡೆದು ಹಾಕುವ ಪದ ‘ಸಮಸ್ಯೆ’. ಅದು ಕೆಟ್ಟ ಪದವೆಂದಲ್ಲ. ಅದು ಇರಬೇಕಾದ ಜಾಗ ಬೇರೆ ಇದೆ. ಉಳಿದ ಜಾಗಗಳಿಗೆ ಕನ್ನಡದಲ್ಲಿ ಕಡಿಮೆಯೆಂದರೂ ಮೂವತ್ತು ಪದಗಳಿವೆ, ಒಂದೊಂದಕ್ಕೂ ತನ್ನದೇ ತೂಕವಿದೆ. ಅವುಗಳಲ್ಲಿ ಸರಿಯಾದುದನ್ನು ಆರಿಸಲು ನಾನು ಬಳಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಕ್ರಿಯಾಪದ, ಆಮೇಲೆ ನಾಮಪದ

ಪದಕ್ಕಾಗಿ ಇಂಗ್ಲಿಷ್-ಕನ್ನಡ ನಿಘಂಟನ್ನು ತೆರೆದರೆ ತೊಂದರೆ, ಸಮಸ್ಯೆ, ಕಷ್ಟ, ತೊಡಕು ಎಂದು ಅಲ್ಪವಿರಾಮ ಹಾಕಿ ಸಾಲಾಗಿ ನಿಲ್ಲಿಸಿರುತ್ತಾರೆ. ಆ ಸಾಲು ಯಾವುದನ್ನು ಎಲ್ಲಿ ಬಳಸಬೇಕೆಂದು ಹೇಳುವುದಿಲ್ಲ. ಆದ್ದರಿಂದ ನಾಮಪದವನ್ನು ಹುಡುಕುವುದಕ್ಕಿಂತ ಮೊದಲು ಕ್ರಿಯಾಪದವನ್ನು ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು. ಎದುರಿಗಿರುವ ಈ ಸಂಗತಿಯನ್ನು ಏನು ಮಾಡಿದರೆ ನಮಗೆ ನೆಮ್ಮದಿ ಎಂದು ಕೇಳಿಕೊಳ್ಳಿ. ಬಿಡಿಸಬೇಕೆ, ತೆಗೆಯಬೇಕೆ, ತುಂಬಬೇಕೆ, ತಿದ್ದಬೇಕೆ, ಇತ್ಯರ್ಥ ಮಾಡಬೇಕೆ, ತೊಲಗಿಸಬೇಕೆ, ಪಾರಾಗಬೇಕೆ, ಇಲ್ಲವೆ ಸುಮ್ಮನೆ ಅನುಭವಿಸಿ ಕಳೆಯಬೇಕೆ? ಉತ್ತರ ಹೊಳೆದರೆ ನಾಮಪದ ತಾನಾಗಿ ಹಿಂದೆ ಬರುತ್ತದೆ, ಏಕೆಂದರೆ ಕನ್ನಡದಲ್ಲಿ ಕೊರತೆಯನ್ನು ಬಿಡಿಸುವುದಿಲ್ಲ, ಕಗ್ಗಂಟನ್ನು ತುಂಬುವುದಿಲ್ಲ, ಕಾಟವನ್ನು ತಿದ್ದುವುದಿಲ್ಲ. ‘ಬಗೆಹರಿಸು’ ಎಂಬ ಒಂದೇ ಕ್ರಿಯಾಪದವನ್ನು ಎಲ್ಲಕ್ಕೂ ಹಚ್ಚುವ ಅಭ್ಯಾಸ ‘ಸಮಸ್ಯೆ’ಯ ಬೆನ್ನಿಗೇ ಬಂದದ್ದು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಈಚೆಗೆ ನಮ್ಮ ಪಕ್ಕದ ಬೀದಿಯ ಹಿರಿಯರೊಬ್ಬರು ತಂದ ಕರಡಿನಲ್ಲಿ ಹೀಗಿತ್ತು: ‘ನಮ್ಮ ಬಡಾವಣೆಯಲ್ಲಿ ಬಹಳ ದಿನಗಳಿಂದ ನೀರಿನ ಸಮಸ್ಯೆ ಇದ್ದು, ನಿವಾಸಿಗಳು ತೀವ್ರ ಸಮಸ್ಯೆ ಎದುರಿಸುತ್ತಿದ್ದಾರೆ. ತಾವು ಸಮಸ್ಯೆಯನ್ನು ಆದಷ್ಟು ಬೇಗ ಬಗೆಹರಿಸಬೇಕಾಗಿ ಕೋರಿಕೆ.’ ವ್ಯಾಕರಣದಲ್ಲಿ ತಪ್ಪಿಲ್ಲ, ವಿನಯದಲ್ಲೂ ಕೊರತೆಯಿಲ್ಲ. ಆದರೆ ಇದನ್ನು ಓದಿದ ಎಂಜಿನಿಯರ್ ಯಾರನ್ನು ಕಳುಹಿಸಬೇಕು? ಬೆಂಗಳೂರಿನಲ್ಲಿ ‘ನೀರಿನ ಸಮಸ್ಯೆ’ ಎಂದರೆ ಐದು ಬಗೆಯಾದರೂ ಇದೆ. ನೀರೇ ಬಾರದಿದ್ದರೆ ಅದು ಅಭಾವ. ಬಂದರೂ ಸಾಲದಿದ್ದರೆ ಕೊರತೆ. ಬರಬೇಕಾದ ದಿನ ಬಾರದೆ ಇನ್ನೊಂದು ದಿನ ಬಂದರೆ ಪೂರೈಕೆಯಲ್ಲಿ ವ್ಯತ್ಯಯ. ರಸ್ತೆಯಲ್ಲಿ ಹರಿದು ಹೋದರೆ ಸೋರಿಕೆ. ನಲ್ಲಿಯಲ್ಲಿ ವಾಸನೆ ಬಂದರೆ ಒಳಚರಂಡಿ ನೀರು ಬೆರೆತು ಆದ ಮಾಲಿನ್ಯ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಒಣಗಿ ನಗರಕ್ಕೆ ಬಂದದ್ದು ಅಭಾವ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತದ ಯೋಜನೆ ದಿನಕ್ಕೆ 775 ದಶಲಕ್ಷ ಲೀಟರ್ ನೀರನ್ನು 110 ಹಳ್ಳಿಗಳ ಪ್ರದೇಶಕ್ಕೆ ಕೊಡಲೆಂದು ಆರಂಭವಾಯಿತು. ಅದು ನೀಗಿಸಬೇಕಾದದ್ದು ಕೊರತೆಯನ್ನು, ಸೋರಿಕೆಯನ್ನಲ್ಲ.

ನಾನು ಆ ಹಿರಿಯರನ್ನು ಕೂರಿಸಿ ಒಂದೊಂದಾಗಿ ಕೇಳಿದೆ. ನೀರು ದಿನ ಬಿಟ್ಟು ದಿನ ಬರುತ್ತದೆ, ಹೊತ್ತಿಗೆ ಸರಿಯಾಗಿಯೇ ಬರುತ್ತದೆ, ಆದರೆ ಮೂರು ವಾರಗಳಿಂದ ಮೇಲಿನ ತೊಟ್ಟಿಗಿರಲಿ, ನೆಲದ ಸಂಪಿಗೂ ಸರಿಯಾಗಿ ಏರುತ್ತಿಲ್ಲ ಎಂದರು. ಮೂರು ವಾರಗಳ ಹಿಂದೆ ಏನಾಯಿತು ಎಂದಾಗ ಕೇಬಲ್ ಹಾಕಲು ರಸ್ತೆ ಅಗೆದ ವಿಷಯ ಹೊರಗೆ ಬಂತು. ಆಮೇಲೆ ಕರಡು ಹೀಗಾಯಿತು: ‘ಕೇಬಲ್ ಅಳವಡಿಕೆಗಾಗಿ ರಸ್ತೆ ಅಗೆದ ದಿನದಿಂದ, ಅಂದರೆ ಕಳೆದ ಮೂರು ವಾರಗಳಿಂದ, ನಮ್ಮ ಅಡ್ಡರಸ್ತೆಯ ಹನ್ನೊಂದು ಮನೆಗಳಿಗೆ ಬರುವ ನೀರಿನ ಒತ್ತಡ ಕುಗ್ಗಿದೆ. ಅಗೆದ ಜಾಗದಲ್ಲಿ ಸದಾ ತೇವವಿರುವುದರಿಂದ ಕೊಳವೆಗೆ ಹಾನಿಯಾಗಿ ಸೋರಿಕೆ ಉಂಟಾಗಿರಬಹುದೆಂದು ಶಂಕಿಸಿದ್ದೇವೆ. ಸ್ಥಳ ಪರಿಶೀಲಿಸಿ ದುರಸ್ತಿ ಮಾಡಿಸಬೇಕಾಗಿ ಕೋರುತ್ತೇವೆ.’ ‘ಸಮಸ್ಯೆ’ ಎಂಬ ಪದ ಒಮ್ಮೆಯೂ ಬರಲಿಲ್ಲ. ಜಲಮಂಡಳಿಯ 1916ಕ್ಕೆ ಕರೆ ಮಾಡಿದಾಗಲೂ ‘ನೀರಿನ ಪ್ರಾಬ್ಲಮ್’ ಎನ್ನುವ ಬದಲು ‘ಪೈಪ್ ಸೋರುತ್ತಿದೆ, ಒತ್ತಡವಿಲ್ಲ’ ಎಂದರೆ ಮುಂದಿನ ನಾಲ್ಕು ಪ್ರಶ್ನೆಗಳು ತಪ್ಪುತ್ತವೆ.

ಹಾಗಾದರೆ ‘ಸಮಸ್ಯೆ’ಯ ಜಾಗ ಯಾವುದು?

ಇಂಗ್ಲಿಷಿನ ‘ಪ್ರಾಬ್ಲಮ್’ ಗ್ರೀಕ್ ಮೂಲದ್ದು. ‘ಮುಂದಕ್ಕೆ ಎಸೆದದ್ದು’ ಎಂಬುದು ಅದರ ಧಾತ್ವರ್ಥ, ಉತ್ತರಿಸಲೆಂದು ಎದುರಿಗೆ ಎಸೆದ ಪ್ರಶ್ನೆ ಎಂಬುದು ಅದಕ್ಕೆ ಮೊದಲಿಗಿದ್ದ ಅರ್ಥಗಳಲ್ಲಿ ಒಂದು. ಸಂಸ್ಕೃತದ ‘ಸಮಸ್ಯಾ’ ಕೂಡ ಎಸೆಯುವುದೆಂಬ ಅರ್ಥದ ‘ಅಸ್’ ಧಾತುವಿನಿಂದಲೇ ಬಂದದ್ದು. ‘ಸಮಾಸ’ವೂ ಅದೇ ಬಳ್ಳಿಯ ಕಾಯಿ. ಒಂದು ಮುಂದಕ್ಕೆ ಎಸೆದದ್ದು, ಇನ್ನೊಂದು ಒಟ್ಟಿಗೆ ಎಸೆದು ಕೂಡಿಸುವಂಥದ್ದು. ಕಾವ್ಯಪ್ರಪಂಚದಲ್ಲಿ ಸಮಸ್ಯೆ ಎಂದರೆ ಪದ್ಯದ ಒಂದು ಪಾದವನ್ನು, ಅದೂ ಅಸಂಬದ್ಧವೆಂದು ತೋರುವ ಪಾದವನ್ನು ಕೊಟ್ಟು, ಉಳಿದ ಪಾದಗಳನ್ನು ಅರ್ಥ ಕೂಡುವಂತೆ ತುಂಬಿಸೆಂದು ಕೇಳುವುದು. ಎಂಟು ಮಂದಿಯ ಸವಾಲುಗಳಿಗೆ ಒಬ್ಬರೇ ಉತ್ತರಿಸುವ ಅಷ್ಟಾವಧಾನವನ್ನು ಬೆಂಗಳೂರಿನಲ್ಲಿ ನೋಡಿದವರಿಗೆ ಸಮಸ್ಯಾಪೂರಣ ಪರಿಚಿತ. ಸವಾಲು ಹಾಕುವ ಪೃಚ್ಛಕರು ಪಾದ ಕೊಟ್ಟೊಡನೆ ಸಭೆ ನಗುತ್ತದೆ, ಪೂರ್ತಿ ಪದ್ಯ ಬಂದಾಗ ತಲೆದೂಗುತ್ತದೆ.

ಈ ಹಳೆಯ ಅರ್ಥ ನೆನಪಿನಲ್ಲಿದ್ದರೆ ಪದದ ಗಡಿ ತಿಳಿಯುತ್ತದೆ. ಬುದ್ಧಿ ಓಡಿಸಿ ಉತ್ತರ ಕಾಣಬೇಕಾದ ಕಡೆ, ಹಲವು ಎಳೆಗಳನ್ನು ಕೂಡಿಸಿ ದಾರಿ ಹುಡುಕಬೇಕಾದ ಕಡೆ ‘ಸಮಸ್ಯೆ’ ಸರಿ. ನಗರದ ಕಸ ವಿಲೇವಾರಿ ನಿಜಕ್ಕೂ ಸಮಸ್ಯೆ. ನಮ್ಮ ಮನೆಯ ಮುಂದೆ ಎರಡು ದಿನ ಕಸದ ಗಾಡಿ ಬಾರದಿರುವುದು ಸಮಸ್ಯೆಯಲ್ಲ, ಸೇವೆಯಲ್ಲಿ ಆದ ಲೋಪ. ನಿರುದ್ಯೋಗ ಸಮಸ್ಯೆ, ಗಡಿ ಸಮಸ್ಯೆ ಎನ್ನುವುದೂ ಒಪ್ಪುತ್ತದೆ. ಗಣಿತದ ‘ಪ್ರಾಬ್ಲಮ್’ ಮಾತ್ರ ಮನೆಮಾತಿನಲ್ಲಿ ಎಂದೂ ಸಮಸ್ಯೆಯಾಗಲಿಲ್ಲ, ಪಠ್ಯಪುಸ್ತಕ ಏನೇ ಮುದ್ರಿಸಲಿ: ಅದು ‘ಲೆಕ್ಕ’, ಅದನ್ನು ‘ಮಾಡುತ್ತೇವೆ’ ಅಥವಾ ‘ಬಿಡಿಸುತ್ತೇವೆ’.

ಬಿಡಿಸುವಂಥವು, ತೆಗೆಯುವಂಥವು

ಬೆರಳಿನಿಂದ ಬಿಡಿಸುವ ಚಿತ್ರ ಮನಸ್ಸಿಗೆ ಬಂದರೆ ತೊಡಕು, ಸಿಕ್ಕು, ಗೋಜಲು, ಕಗ್ಗಂಟು ಇವುಗಳ ನಡುವೆ ಆರಿಸಬೇಕು. ತಲೆಗೂದಲು ಸಿಕ್ಕಾಗುತ್ತದೆ, ಮುಳ್ಳಿಗೆ ಸೀರೆಯ ಸೆರಗು ತೊಡರುತ್ತದೆ. ತೊಡಕು ಹುಟ್ಟಿದ್ದು ಅಂಥ ಅನುಭವದಿಂದಲೇ. ತೊಡಕು ಒಂದೆಡೆ ಇರುವಂಥದ್ದು, ಅದನ್ನು ಬೆರಳಿಟ್ಟು ತೋರಿಸಬಹುದು: ‘ಕಾನೂನಿನ ತೊಡಕು’. ಗೋಜಲಿನಲ್ಲಿ ತುದಿ ಯಾವುದು, ಬುಡ ಯಾವುದು ಎಂದೇ ತಿಳಿಯುವುದಿಲ್ಲ. ಎಳೆದಷ್ಟೂ ಬಿಗಿಯುವುದು ಕಗ್ಗಂಟು. ‘ಸೀಟು ಹಂಚಿಕೆ ಕಗ್ಗಂಟು’ ಎಂಬ ತಲೆಬರಹವನ್ನು ಪತ್ರಿಕೆಗಳು ಚುನಾವಣೆಯಿಂದ ಚುನಾವಣೆಗೆ ಉಳಿಸಿಕೊಂಡು ಬಂದಿರುವುದು ಆ ಕಾರಣಕ್ಕೇ. ಗೊಂದಲ ಇವುಗಳ ನೆರೆಯದೇ ಆದರೂ ಅದು ಇರುವುದು ವಸ್ತುವಿನಲ್ಲಲ್ಲ, ನೋಡುವವರ ತಲೆಯಲ್ಲಿ. ‘ಅರ್ಜಿಯ ನಮೂನೆ ಗೊಂದಲದಲ್ಲಿದೆ’ ಎನ್ನುವುದಕ್ಕಿಂತ ‘ನಮೂನೆ ಗೋಜಲಾಗಿದೆ, ಅರ್ಜಿದಾರರಿಗೆ ಗೊಂದಲವಾಗುತ್ತಿದೆ’ ಎನ್ನುವುದು ನಿಖರ.

ದಾರಿಯಲ್ಲಿ ಬಿದ್ದಿರುವುದನ್ನು ಎತ್ತಿ ಪಕ್ಕಕ್ಕಿಡುವ ಚಿತ್ರ ಬಂದರೆ ಅದು ಅಡ್ಡಿ, ಅಡಚಣೆ, ತಡೆ, ವಿಘ್ನ. ಅಡ್ಡಿ ಪೂರ್ತಿ ನಿಲ್ಲಿಸಬಲ್ಲದು; ಅಡಚಣೆಯಲ್ಲಿ ಕೆಲಸ ಕುಂಟುತ್ತ ಸಾಗುತ್ತದೆ. ಅದಕ್ಕೇ ಕಾಮಗಾರಿಯ ಫಲಕಗಳ ಮೇಲೆ ‘ಅಡಚಣೆಗಾಗಿ ವಿಷಾದಿಸುತ್ತೇವೆ’ ಎಂದಿರುತ್ತದೆ: ರಸ್ತೆ ಇದೆ, ಆದರೆ ಅರ್ಧ ಇದೆ. ತಡೆಗೆ ನ್ಯಾಯಾಲಯದ ವಾಸನೆ ಅಂಟಿದೆ; ‘ಕಾಮಗಾರಿಗೆ ತಡೆ’ ಎಂದು ಬರೆದರೆ ಓದುಗರು ತಡೆಯಾಜ್ಞೆಯನ್ನೇ ಊಹಿಸುತ್ತಾರೆ. ವಿಘ್ನ ಶುಭಕಾರ್ಯಗಳಿಗೆ ಮೀಸಲು. ಸಾಫ್ಟ್‌ವೇರ್ ಅಪ್‌ಡೇಟಿಗೆ ವಿಘ್ನ ಬಂತು ಎಂದರೆ ತಮಾಷೆಯಾಗಿ ಕೇಳುತ್ತದೆ, ತಮಾಷೆಯೇ ಬೇಕಿದ್ದರೆ ಸರಿ. ‘ಅಡ್ಡಿ ಆತಂಕ’ ಎಂಬ ಜೋಡಿಯಲ್ಲಿ ಆತಂಕವೂ ಅಡ್ಡಿಯೇ, ಆದರೆ ಒಂಟಿಯಾಗಿ ಬಂದಾಗ ಇಂದಿನ ಓದುಗರಿಗೆ ಅದು ಕಳವಳ. ಆದ್ದರಿಂದ ‘ಮಳೆಯಿಂದ ಪಂದ್ಯಕ್ಕೆ ಆತಂಕ’ ಎಂಬುದನ್ನು ‘ಮಳೆಯಿಂದ ಪಂದ್ಯಕ್ಕೆ ಅಡ್ಡಿ’ ಎಂದು ತಿದ್ದಿಕೊಳ್ಳುವುದು ಕ್ಷೇಮ.

ಇಲ್ಲಿಯೇ ‘ವ್ಯತ್ಯಯ’ದ ಮಾತು ಹೇಳಬೇಕು. ‘ಕರೆಂಟ್ ಪ್ರಾಬ್ಲಮ್’ ಎಂದು ನಾವು ಹೇಳುವುದನ್ನು ಬೆಸ್ಕಾಂ ಪ್ರಕಟಣೆಗಳು ‘ವಿದ್ಯುತ್ ವ್ಯತ್ಯಯ’ ಎನ್ನುತ್ತವೆ. ನಿಲ್ಲುವುದು, ಬರುವುದು, ಹೊತ್ತು ತಪ್ಪುವುದು ಎಲ್ಲವನ್ನೂ ಒಳಗೊಳ್ಳುವ ಜಾಣ ಪದ ಅದು. ದೂರು ಕೊಡುವವರು ಆ ಜಾಣತನವನ್ನು ಅನುಕರಿಸಬೇಕಾಗಿಲ್ಲ. 1912ಕ್ಕೆ ಕರೆ ಮಾಡಿದಾಗ ಒಂದು ಮನೆಯ ಸಂಪರ್ಕ ಹೋಗಿದೆಯೇ, ಬೀದಿಯೆಲ್ಲ ಕತ್ತಲೆಯೇ, ದೀಪ ಮಿಣುಕುತ್ತಿದೆಯೇ, ತಂತಿ ಕಡಿದು ಬಿದ್ದಿದೆಯೇ ಎಂಬುದನ್ನೇ ಹೇಳಬೇಕು. ಟ್ರಾಫಿಕ್ ಪ್ರಾಬ್ಲಮ್ಮಿಗೆ ‘ಸಂಚಾರ ಸಮಸ್ಯೆ’ಗಿಂತ ‘ದಟ್ಟಣೆ’ ಒಳ್ಳೆಯ ಪದ. ಸಂಜೆ ಏಳಕ್ಕೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಇರುವುದು ದಟ್ಟಣೆ. ಅಲ್ಲೇ ಲಾರಿಯೊಂದು ಕೆಟ್ಟು ನಿಂತರೆ ಸಂಚಾರಕ್ಕೆ ಅಡ್ಡಿ.

ತುಂಬುವಂಥವು

ಇವು ಕಡಿಮೆ. ಕೊರತೆಯನ್ನು ತುಂಬುತ್ತೇವೆ ಅಥವಾ ನೀಗಿಸುತ್ತೇವೆ. ಅಭಾವ ಅದಕ್ಕಿಂತ ತೀವ್ರ. ಬರ ಇನ್ನೂ ತೀವ್ರ, ‘ಒಳ್ಳೆಯ ಮೇಷ್ಟರಿಗೆ ಬರ’ ಎಂಬಲ್ಲಿ ಅದು ವ್ಯಂಗ್ಯಕ್ಕೂ ಒದಗುತ್ತದೆ. ಹಣದ ವಿಷಯಕ್ಕೆ ಬಂದಾಗ ಮಾತ್ರ ಸೂಕ್ಷ್ಮ ಬೇಕು. ‘ಈ ತಿಂಗಳು ಕೈ ಸ್ವಲ್ಪ ಬಿಗಿ’ ಎಂದರೆ ಸಾಲ ಕೇಳಲು ಪೀಠಿಕೆ. ಮುಗ್ಗಟ್ಟು ಎಂದರೆ ಸಂಸ್ಥೆಗೆ ಸಂಬಳ ಕೊಡುವುದೂ ಕಷ್ಟವಾದ ಸ್ಥಿತಿ. ಸಂಘದ ಸುತ್ತೋಲೆಯಲ್ಲಿ ‘ನಿರ್ವಹಣಾ ನಿಧಿಯಲ್ಲಿ ಕೊರತೆಯಿದೆ’ ಎಂದರೆ ಸದಸ್ಯರು ಬಾಕಿ ಕಟ್ಟುತ್ತಾರೆ. ‘ಹಣಕಾಸಿನ ಮುಗ್ಗಟ್ಟು’ ಎಂದರೆ ಲೆಕ್ಕಪುಸ್ತಕ ತೋರಿಸಿ ಎನ್ನುತ್ತಾರೆ.

ತಿದ್ದುವಂಥವು ಮತ್ತು ಇತ್ಯರ್ಥ ಮಾಡುವಂಥವು: ಇಲ್ಲಿ ಎಡವಿದರೆ ಖರ್ಚಿದೆ

ಈ ಭಾಗವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುವುದಕ್ಕೆ ಕಾರಣ ನಾನೇ ಮಾಡಿಕೊಂಡ ಎಡವಟ್ಟು. ನಮ್ಮ ತಾಯಿಯ ಹೆಸರಿನಲ್ಲಿದ್ದ ನಿವೇಶನದ ಖಾತೆಯಲ್ಲಿ ಅವರ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತು. ಪದಗಳ ಮೇಲೆ ಪ್ರೀತಿಯಿರುವವನು ನಾನು. ‘ಸಮಸ್ಯೆ’ ಬೇಡ, ಖಾರವಾದ ಕನ್ನಡ ಪದವಿರಲಿ ಎಂದು ‘ಸದರಿ ಖಾತೆಯಲ್ಲಿ ತಕರಾರು ಇರುತ್ತದೆ’ ಎಂದು ಅರ್ಜಿ ಬರೆದುಕೊಟ್ಟೆ. ಕಂದಾಯದ ಭಾಷೆಯಲ್ಲಿ ತಕರಾರು ಎಂದರೆ ಆ ಸ್ವತ್ತಿನ ಮೇಲೆ ಬೇರೊಬ್ಬರು ಆಕ್ಷೇಪಣೆ ಎತ್ತಿದ್ದಾರೆ ಎಂದರ್ಥ. ಅರ್ಜಿ ತಿದ್ದುಪಡಿಯ ಕಡತಕ್ಕೆ ಹೋಗುವ ಬದಲು ಆಕ್ಷೇಪಣೆಗಳ ಕಡತಕ್ಕೆ ಹೋಯಿತು. ಮುಂದಿನ ಸಲ ಹೋದಾಗ ಗುಮಾಸ್ತರು ‘ಎದುರು ಪಾರ್ಟಿ ಯಾರು ಸ್ವಾಮಿ?’ ಎಂದು ಕೇಳಿದರು. ಎದುರು ಪಾರ್ಟಿ ಒಂದು ಒತ್ತಕ್ಷರ ಎಂದು ಅವರಿಗೆ ತಿಳಿಸಿ ಹೇಳಿ, ಹೊಸ ಅರ್ಜಿ ಬರೆದು, ‘ಕಾಗುಣಿತ ದೋಷದ ತಿದ್ದುಪಡಿ ಕೋರಿ’ ಎಂದು ವಿಷಯ ಹಾಕುವ ಹೊತ್ತಿಗೆ ಎರಡು ತಿಂಗಳು ಕಳೆದಿದ್ದವು. ತಪ್ಪು ಕಚೇರಿಯದಲ್ಲ, ನನ್ನ ಪದದ್ದು.

ಆದ್ದರಿಂದ ಮೊದಲು ನೋಡಬೇಕಾದದ್ದು ಎದುರಿಗೆ ಇನ್ನೊಬ್ಬ ಮನುಷ್ಯನಿದ್ದಾನೆಯೇ ಎಂಬುದು. ಇಲ್ಲದಿದ್ದರೆ ಅದು ತಿದ್ದುವಂಥದ್ದು: ತಪ್ಪು, ದೋಷ, ಲೋಪ, ನ್ಯೂನತೆ, ಹುಳುಕು. ಮಾಡಬಾರದ್ದನ್ನು ಮಾಡಿದರೆ ತಪ್ಪು, ಮಾಡಬೇಕಾದದ್ದನ್ನು ಬಿಟ್ಟರೆ ಲೋಪ. ವಸ್ತುವಿನ ಒಳಗೇ ಇರುವುದು ದೋಷ. ಬಚ್ಚಿಟ್ಟದ್ದು, ಕೆದಕಿದರೆ ಮಾತ್ರ ಹೊರಬರುವುದು ಹುಳುಕು. ಅಧಿಕೃತ ಪತ್ರದಲ್ಲಿ ಈ ಪದ ಆರೋಪವಾಗುತ್ತದೆ, ಎಚ್ಚರ. ಗ್ರಾಹಕ ಆಯೋಗಕ್ಕೆ ದೂರು ಬರೆಯುವವರು ಇನ್ನೊಂದು ಭೇದವನ್ನು ನೆನಪಿಡಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸರಕಿನ ದೋಷವನ್ನೂ ಸೇವೆಯ ನ್ಯೂನತೆಯನ್ನೂ ಬೇರೆ ಬೇರೆಯಾಗಿ ವ್ಯಾಖ್ಯಾನಿಸುತ್ತದೆ. ಕೊಂಡ ಮೊಬೈಲ್‌ನ ಪರದೆ ತಾನಾಗಿ ಆರಿಹೋದರೆ ಅದು ದೋಷ. ರಿಪೇರಿಗೆ ಕೊಟ್ಟ ಮೊಬೈಲನ್ನು ಎರಡು ತಿಂಗಳು ಇಟ್ಟುಕೊಂಡರೆ ಅದು ಸೇವಾ ನ್ಯೂನತೆ. ಎರಡೂ ಆಗಿದ್ದರೆ ಎರಡನ್ನೂ ಬರೆಯಬೇಕು; ‘ಮೊಬೈಲ್ ಸಮಸ್ಯೆ’ ಎಂದು ಒಂದೇ ಮೂಟೆ ಕಟ್ಟಬಾರದು.

ಎದುರಿಗೆ ಮನುಷ್ಯನಿದ್ದರೆ ಮೆಟ್ಟಿಲುಗಳು ಬೇರೆ. ಭಿನ್ನಾಭಿಪ್ರಾಯದಲ್ಲಿ ಮಾತು ನಡೆಯುತ್ತಿರುತ್ತದೆ, ಮನಸ್ತಾಪದಲ್ಲಿ ಮಾತು ಕಡಿಮೆಯಾಗಿರುತ್ತದೆ, ವೈಮನಸ್ಯದಲ್ಲಿ ನಿಂತಿರುತ್ತದೆ, ವ್ಯಾಜ್ಯದಲ್ಲಿ ವಕೀಲರು ಮಾತನಾಡುತ್ತಾರೆ. ತಕರಾರು ಅರಬ್ಬಿಯಿಂದ ಬಂದದ್ದು. ಮೂಲದಲ್ಲಿ ‘ಮತ್ತೆ ಮತ್ತೆ ಹೇಳುವುದು’ ಎಂಬ ಅರ್ಥವಿತ್ತು ಎಂದು ತಿಳಿದಾಗ ನಮ್ಮ ಸಂಘದ ಮಾಸಿಕ ಸಭೆ ನೆನಪಾಗಿ ನಗು ಬಂತು. ತಗಾದೆಯೂ ಅರಬ್ಬಿ ಮೂಲದ್ದೇ. ಅದು ಸಾಲ ವಸೂಲಿಯ ಒತ್ತಾಯವಾಗಿದ್ದದ್ದು ಈಗ ‘ತಗಾದೆ ತೆಗೆ’ ಎಂಬ ನುಡಿಗಟ್ಟಿನಲ್ಲಿ ಜಗಳಕ್ಕೆ ನಿಲ್ಲುವ ಅರ್ಥ ಪಡೆದಿದೆ. ಕಾರಣವಿಲ್ಲದೆ ತೆಗೆದರೆ ಕ್ಯಾತೆ. ಈ ಮೂರರಲ್ಲಿ ಅರ್ಜಿಗೆ ಸಲ್ಲುವುದು ತಕರಾರು ಒಂದೇ. ಉಳಿದೆರಡು ಎದುರಿನವರನ್ನು ಹೀಗಳೆಯುವ ಪದಗಳು. ಅತ್ತೆ ಸೊಸೆಯರ ‘ಪ್ರಾಬ್ಲಮ್’ ಹೆಚ್ಚಿನ ಮನೆಗಳಲ್ಲಿ ಮನಸ್ತಾಪದ ಮೆಟ್ಟಿಲಿನಲ್ಲೇ ಇರುತ್ತದೆ. ಅದನ್ನು ‘ಕೌಟುಂಬಿಕ ಸಮಸ್ಯೆ’ ಎಂದು ಬರೆದರೆ ಪೊಲೀಸ್ ಠಾಣೆಯ ಕಾಗದದಂತೆ ಕಾಣುತ್ತದೆ.

ತೊಲಗಿಸುವಂಥವು

ಬೀದಿ ನಾಯಿ, ಸೊಳ್ಳೆ, ಇಲಿ, ರಾತ್ರಿ ಹನ್ನೊಂದರ ಧ್ವನಿವರ್ಧಕ ಇವೆಲ್ಲ ಈ ಗುಂಪಿಗೆ ಸೇರಿದವು. ಒಬ್ಬರಿಗೆ ಅಥವಾ ಒಂದು ಮನೆಗೆ ಆಗುವುದು ಕಾಟ. ಬೀದಿಗೆ, ಊರಿಗೆ ವ್ಯಾಪಿಸಿದರೆ ಹಾವಳಿ. ಸಮಾಜಕ್ಕೇ ಅಂಟಿ ತಲೆಮಾರುಗಳಿಂದ ಬಿಡದಿದ್ದರೆ ಪಿಡುಗು. ಅಂದರೆ ನಮ್ಮ ಕೋಣೆಗೆ ಸೊಳ್ಳೆ ಕಾಟ, ಬಡಾವಣೆಗೆ ಸೊಳ್ಳೆ ಹಾವಳಿ, ಆದರೆ ಪಿಡುಗು ಎಂಬುದು ವರದಕ್ಷಿಣೆಯಂಥದಕ್ಕೆ. ‘ಬೀದಿ ನಾಯಿಗಳ ಪಿಡುಗು’ ಎಂದು ಬರೆಯುವವರಿದ್ದಾರೆ; ಪ್ರಾಣಿಯನ್ನು ಸಾಮಾಜಿಕ ಅನಿಷ್ಟದ ಸಾಲಿಗೆ ಸೇರಿಸುವುದು ನನಗೆ ಒಪ್ಪುವುದಿಲ್ಲ. ರೋಗಕ್ಕೂ ಹಸಿವಿಗೂ ಬಾಧೆ ಸರಿಯಾದ ಪದ. ಕಿರಿಕಿರಿ ಕಿವಿಯದು, ಕಣ್ಣಿನದು, ಚರ್ಮದ್ದು: ಮೇಲುಮೇಲಿನದು. ಕಿರುಕುಳ ಹಾಗಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ನಂತರ ಆ ಪದಕ್ಕೆ ಕಾನೂನಿನ ಭಾರ ಬಂದಿದೆ. ಮೇಲಿನ ಮನೆಯ ಮಗು ಚೆಂಡು ಕುಟ್ಟುವುದನ್ನು ‘ಕಿರುಕುಳ’ ಎಂದು ಸಂಘಕ್ಕೆ ಬರೆಯಬೇಡಿ. ಹಾಗೆಯೇ ನಿಜವಾದ ಕಿರುಕುಳವನ್ನು ‘ಸಹೋದ್ಯೋಗಿಯಿಂದ ಸ್ವಲ್ಪ ಸಮಸ್ಯೆ’ ಎಂದು ಮೆತ್ತಗೆ ಮಾಡಲೂ ಬೇಡಿ.

ರಗಳೆಯನ್ನು ಮರೆಯುವಂತಿಲ್ಲ. ಹರಿಹರನು ಶಿವಶರಣರ ಕಥೆಗಳನ್ನು ಹಾಡಿದ ಛಂದಸ್ಸಿನ ಹೆಸರೂ ರಗಳೆ, ಗ್ಯಾಸ್ ಸಂಪರ್ಕದ ವಿಳಾಸ ಬದಲಿಸುವುದೂ ರಗಳೆ. ಪದ್ಯಕ್ಕೆ ಇಷ್ಟೇ ಸಾಲೆಂಬ ಮಿತಿಯಿಲ್ಲದೆ ಓಡುವುದು ಆ ಛಂದಸ್ಸಿನ ಸ್ವಭಾವ. ಎರಡಕ್ಕೂ ನಂಟಿದೆಯೆಂದು ಕನ್ನಡ ಮೇಷ್ಟರುಗಳು ತಮಾಷೆ ಮಾಡುವುದುಂಟು. ಗೆಳೆಯರಿಗೆ ಬರೆಯುವಾಗ ಇದಕ್ಕಿಂತ ರುಚಿಯಾದ ಪದವಿಲ್ಲ, ಅಧಿಕಾರಿಗೆ ಬರೆಯುವಾಗ ಬೇಡ.

ಪಾರಾಗುವಂಥವು

ಚಿಕ್ಕಪೇಟೆಯ ಓಣಿಯಲ್ಲಿ ಎದುರಿನಿಂದ ಕೈಗಾಡಿ ಬಂದಾಗ ಹಿಂದೆಯೂ ಒಂದು ಸ್ಕೂಟರ್ ಹಾರ್ನ್ ಹೊಡೆಯುತ್ತಿದ್ದರೆ ಅದು ಎರಡೂ ಅರ್ಥದಲ್ಲಿ ಇಕ್ಕಟ್ಟು: ಜಾಗವೂ ಇಕ್ಕಟ್ಟು, ನಮ್ಮ ಸ್ಥಿತಿಯೂ ಇಕ್ಕಟ್ಟು. ಅತ್ತ ದರಿ, ಇತ್ತ ಪುಲಿ. ಆರಿಸಿಕೊಳ್ಳಬೇಕಾದ ಎರಡರಲ್ಲಿ ಎರಡೂ ಕಹಿಯಾದರೆ ಉಭಯಸಂಕಟ, ಎರಡೂ ಕರ್ತವ್ಯವೇ ಆಗಿದ್ದರೆ ಧರ್ಮಸಂಕಟ. ಬಿಕ್ಕಟ್ಟು ದೊಡ್ಡವರದು: ಸರ್ಕಾರಕ್ಕೆ, ಬ್ಯಾಂಕಿಗೆ, ದೇಶಕ್ಕೆ ಬರುತ್ತದೆ, ಮನೆಗೆ ಅಡುಗೆಯವರು ಬಾರದಿದ್ದರೆ ಬಿಕ್ಕಟ್ಟಲ್ಲ, ಪೀಕಲಾಟ. ಪೇಚಿನಲ್ಲಿ ಮುಜುಗರದ ಅಂಶ ಹೆಚ್ಚು. ತಿರುಚು ಎಂಬ ಅರ್ಥದ ಪಾರಸಿ ಪದದಿಂದ ಬಂದದ್ದು ಅದು. ನಾವೇ ಆಡಿದ ಮಾತು ತಿರುಚಿಕೊಂಡು ನಮಗೇ ಸುತ್ತಿಕೊಂಡಾಗ ‘ಪೇಚಿಗೆ ಸಿಕ್ಕಿದೆ’ ಎನ್ನುತ್ತೇವೆ.

ಅನುಭವಿಸುವಂಥವು

ತೊಂದರೆ ಇವುಗಳಲ್ಲೆಲ್ಲ ಸಾಧಾರಣವಾದದ್ದು, ಮತ್ತು ಮನುಷ್ಯರೊಡನೆ ಮಾತನಾಡುವಾಗ ಸುರಕ್ಷಿತವಾದದ್ದು. ಬಸವನಗುಡಿಯ ಒಂದು ಬ್ಯಾಂಕಿನಲ್ಲಿ ಸರದಿಯಲ್ಲಿ ನಿಂತಿದ್ದಾಗ ಕೇಳಿದ್ದು ಇದು. ಕೌಂಟರಿನ ಹುಡುಗ ಮುಂದೆ ನಿಂತ ವೃದ್ಧೆಯನ್ನು, ಕೆಟ್ಟ ಉದ್ದೇಶವೇನೂ ಇಲ್ಲದೆ, ‘ಏನಜ್ಜಿ ನಿಮ್ ಪ್ರಾಬ್ಲಮ್ಮು?’ ಎಂದು ಕೇಳಿದ. ಆಕೆ ಕನ್ನಡಕ ಸರಿಪಡಿಸಿಕೊಂಡು, ‘ನನ್ನದೇನೂ ಪ್ರಾಬ್ಲಮ್ ಇಲ್ಲಪ್ಪ, ಪಿಂಚಣಿ ಬಂದಿಲ್ಲ ಅಷ್ಟೆ’ ಎಂದರು. ‘ನಿಮ್ಮ ಸಮಸ್ಯೆ ಏನು?’ ಎಂಬ ವಾಕ್ಯ ಕನ್ನಡದಲ್ಲಿ ಕಾಲು ಕೆರೆದಂತೆ ಕೇಳಿಸುತ್ತದೆ. ‘ಏನು ತೊಂದರೆಯಾಗಿದೆ ಅಜ್ಜಿ?’ ಅಥವಾ ಇನ್ನೂ ಸರಳವಾಗಿ ‘ಏನಾಗಬೇಕಿತ್ತು ಅಜ್ಜಿ?’ ಎಂದರೆ ಕೌಂಟರಿನ ಎರಡೂ ಬದಿಗೆ ಹಿತ.

ಕಷ್ಟ ತೊಂದರೆಗಿಂತ ಆಳ, ಸಂಕಟ ಅದಕ್ಕಿಂತ ಆಳ ಮತ್ತು ಒಳಗಿನದು. ತಾಪತ್ರಯ ಕೊನೆಯಿಲ್ಲದ ಸಂಸಾರದ್ದು. ಆಧ್ಯಾತ್ಮಿಕ, ಆಧಿಭೌತಿಕ, ಆಧಿದೈವಿಕ ಎಂದು ಶಾಸ್ತ್ರ ಹೇಳುವ ಮೂರು ತಾಪಗಳು ಕನ್ನಡದ ಮನೆಗಳಲ್ಲಿ ಶಾಲೆಯ ಫೀಸು, ಬಾಡಿಗೆ, ಮಗಳ ಮದುವೆ ಎಂದು ಇಳಿದು ಬಂದಿವೆ. ‘ಅವರಿಗೆ ಅವರದೇ ತಾಪತ್ರಯ’ ಎಂಬ ಮಾತಿನಲ್ಲಿ ದೂರಿಲ್ಲ, ವಿನಾಯಿತಿ ಇದೆ.

ದೇಹದ ವಿಷಯದಲ್ಲಿ ಮಾತ್ರ ಈ ಯಾವ ನಾಮಪದವೂ ಬೇಡ. ವೈದ್ಯರ ಮುಂದೆ ‘ಹೊಟ್ಟೆ ಪ್ರಾಬ್ಲಮ್’ ಎಂದರೂ ‘ಹೊಟ್ಟೆಯ ಸಮಸ್ಯೆ’ ಎಂದರೂ ಅವರು ಮತ್ತೆ ಕೇಳಲೇಬೇಕು. ಹೊಟ್ಟೆ ತೊಳಸುತ್ತದೆಯೇ, ನುಲಿಯುತ್ತದೆಯೇ, ಉರಿಯುತ್ತದೆಯೇ, ಉಬ್ಬರಿಸುತ್ತದೆಯೇ? ಮೊಣಕಾಲು ಹಿಡಿದುಕೊಂಡಿದೆಯೇ, ಸೆಳೆಯುತ್ತಿದೆಯೇ, ಜೋಮು ಬಂದಿದೆಯೇ? ನಮ್ಮ ಅಜ್ಜಿಯಂದಿರು ಈ ಕ್ರಿಯಾಪದಗಳಿಂದಲೇ ಅರ್ಧ ರೋಗ ಗುರುತಿಸುತ್ತಿದ್ದರು. ಯಂತ್ರಕ್ಕೂ ಇದೇ ಮಾತು ಸಲ್ಲುತ್ತದೆ. ‘ಮೋಟಾರ್‌ನಲ್ಲಿ ಸಮಸ್ಯೆ ಇದೆ’ ಎಂಬುದು ಇಂಗ್ಲಿಷಿನ ನಡಿಗೆ. ಮೋಟಾರ್ ಕೆಟ್ಟಿದೆ, ಓಡುತ್ತದೆ ಆದರೆ ನೀರೆತ್ತುತ್ತಿಲ್ಲ, ಸುಟ್ಟ ವಾಸನೆ ಬರುತ್ತಿದೆ ಎಂಬುದು ಕನ್ನಡದ ನಡಿಗೆ. ಮೋರಿ ಕಟ್ಟಿಕೊಂಡಿದೆ, ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗುತ್ತಿಲ್ಲ, ಬೀಗ ಬಿಗಿಯಾಗಿದೆ. ನಾಮಪದ ಹುಡುಕಿ ಸೋತಾಗ ಹೀಗೆ ಕ್ರಿಯಾಪದವನ್ನೇ ವಾಕ್ಯದ ಕೊನೆಗೆ ನಿಲ್ಲಿಸಿ ನೋಡಿ. ಹತ್ತರಲ್ಲಿ ಎಂಟು ಸಲ ಅಷ್ಟೇ ಸಾಕಾಗುತ್ತದೆ.

ಜೋಡುನುಡಿಗಳನ್ನು ಎಲ್ಲಿ ಬಳಸಬೇಕು?

ಕುಂದುಕೊರತೆ, ಲೋಪದೋಷ, ಕಷ್ಟನಷ್ಟ, ಎಡರುತೊಡರು, ತಂಟೆತಕರಾರು, ಕಷ್ಟಕಾರ್ಪಣ್ಯ. ಪೂರ್ತಿ ಪಟ್ಟಿ ಕೊಡುವ ಮುನ್ನ ಒಟ್ಟಾರೆ ಸೂಚಿಸಬೇಕಾದಾಗ ಇವು ಬಹಳ ಅನುಕೂಲ. ‘ಕುಂದುಕೊರತೆ ಸಭೆ’ ಎಂಬ ಹೆಸರು ಚೆನ್ನಾಗಿ ನಿಂತಿರುವುದು ಯಾವ ಬಗೆಯ ದೂರಾದರೂ ಅಲ್ಲಿ ಹೇಳಬಹುದೆಂಬ ಕಾರಣಕ್ಕೆ. ಆದರೆ ಕ್ರಯಪತ್ರದ ಕೊನೆಯಲ್ಲಿ ‘ಸದರಿ ಸ್ವತ್ತಿನ ಮೇಲೆ ಯಾವುದೇ ತಂಟೆ ತಕರಾರು ಇರುವುದಿಲ್ಲ’ ಎಂದು ಬರೆಯುವಾಗ ಆ ಜೋಡಿ ಅಲಂಕಾರವಲ್ಲ, ಮಾರುವವನು ಕೊಡುವ ಭರವಸೆ. ಅಲ್ಲಿ ‘ಸಮಸ್ಯೆ ಇರುವುದಿಲ್ಲ’ ಎಂದು ಹೊಸಗನ್ನಡ ಮಾಡಹೋಗಬೇಡಿ.

ಯಾವುದಾದರೂ ಪದದ ತೂಕ ತಿಳಿಯದಿದ್ದರೆ ಇಂಗ್ಲಿಷಿನ ಕಡೆಯಿಂದ ಬರುವುದನ್ನು ಬಿಟ್ಟು ಕನ್ನಡ-ಕನ್ನಡ ನಿಘಂಟಿನ ಕಡೆಯಿಂದ ಬನ್ನಿ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ಹೊರತಂದ 8 ಸಂಪುಟಗಳ ನಿಘಂಟಿನಲ್ಲಿ ಪದದ ಜೊತೆ ಅದು ಬಂದ ವಾಕ್ಯಗಳೂ ಇವೆ. ಅರ್ಥಕ್ಕಿಂತ ಆ ವಾಕ್ಯಗಳನ್ನು ಓದುವುದು ಹೆಚ್ಚು ಪ್ರಯೋಜನಕರ. ಕಚೇರಿಯ ಮಾತಿನಲ್ಲಿ ‘ಬಗ್’, ‘ಇಷ್ಯೂ’, ‘ಟಿಕೆಟ್’ ಎನ್ನುವುದನ್ನು ಬಿಡಬೇಕೆಂದು ನಾನು ಹೇಳಲಾರೆ. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ‘ದೋಷ ಸಂಖ್ಯೆ 41ನ್ನು ಇತ್ಯರ್ಥಗೊಳಿಸಿದ್ದೇನೆ’ ಎಂದರೆ ಪಕ್ಕದವರು ಕೆಲಸ ಬಿಟ್ಟು ತಿರುಗಿ ನೋಡುತ್ತಾರೆ.

‘ನೋ ಪ್ರಾಬ್ಲಮ್’

ಉಳಿದದ್ದು ಇದೊಂದು. ಯಾರಾದರೂ ಕ್ಷಮೆ ಕೇಳಿದಾಗ ಹೇಳುವ ‘ನೋ ಪ್ರಾಬ್ಲಮ್’ಗೆ ಬೆಂಗಳೂರು-ಮೈಸೂರಿನ ಕಡೆ ‘ಪರವಾಗಿಲ್ಲ’ ಸಾಕು. ‘ಪರವಾ’ ಎಂಬುದು ಲಕ್ಷ್ಯ, ಚಿಂತೆ ಎಂಬ ಅರ್ಥದ ಪಾರಸಿ ಪದ. ಅನುಮತಿ ಕೇಳಿದಾಗ ಹೇಳುವ ‘ನೋ ಪ್ರಾಬ್ಲಮ್’ಗೆ ‘ಪರವಾಗಿಲ್ಲ’ ಹಾಕಿದರೆ ಮನಸ್ಸಿಲ್ಲದೆ ಒಪ್ಪಿದಂತೆ ಕೇಳಿಸುತ್ತದೆ. ಅಲ್ಲಿ ‘ಧಾರಾಳವಾಗಿ’ ಅಥವಾ ‘ಅದಕ್ಕೇನಂತೆ’ ಎನ್ನಬೇಕು. ಹುಬ್ಬಳ್ಳಿ-ಧಾರವಾಡದವರು ಎರಡಕ್ಕೂ ‘ಅಡ್ಡಿ ಇಲ್ಲ’ ಎನ್ನುತ್ತಾರೆ. ಹೊಸದಾಗಿ ಮಾಡಿದ ಅಡುಗೆಯ ರುಚಿ ನೋಡಿಯೂ ಅವರು ‘ಅಡ್ಡಿ ಇಲ್ಲ’ ಎನ್ನಬಹುದು. ಅದು ಕ್ಷಮೆಯೂ ಅಲ್ಲ, ಅನುಮತಿಯೂ ಅಲ್ಲ, ಚೆನ್ನಾಗಿಯೇ ಇದೆ ಎಂಬ ಮೆಚ್ಚುಗೆ. ಜಯನಗರದ ನಮ್ಮ ಸೋದರತ್ತೆ ಧಾರವಾಡದ ಬೀಗರ ಬಾಯಲ್ಲಿ ಅದನ್ನು ಮೊದಲ ಸಲ ಕೇಳಿದಾಗ, ಹೋಳಿಗೆಯಲ್ಲಿ ಏನು ದೋಷವಿತ್ತೆಂದು ರಾತ್ರಿಯೆಲ್ಲ ಯೋಚಿಸಿದ್ದರು.